ಅರವತ್ತೊಂದನೇ ಕಡ್ಡಿ

"ಬಾಯಲ್ಲಿ ಹಾಲು ಆರಿಲ್ಲ, ಇವಳಿಗೆ ಮಾತ್ರೆ ಬೇಕಂತೆ ಮಾತ್ರೆ! ನೀನೇನು ಮಗಳ ಹೆತ್ತಿದ್ದೀಯೋ, ಬೀದಿಗೆ ಬಿಡೋ ದನ ಹೆತ್ತಿದ್ದೀಯೋ?"

ನರ್ಸಮ್ಮ ಕೂಗಿದ ರಭಸಕ್ಕೆ, ನೆಲ ಒರೆಸುತ್ತಿದ್ದ ಫಿನಾಯಿಲಕ್ಕ ಬಕೆಟ್ಟಿನ ಮೇಲೆ ಬೀಳುವುದೊಂದು ಬಾಕಿ. ಅಂಗಿ ಹೊಲಿಯುವ ಆ ಕಾರ್ಖಾನೆಯ ದವಾಖಾನೆ ಎಂದರೆ ಒಂದೇ ಕೋಣೆ. ಒಂದು ಮಂಚ, ಒಂದು ಮೇಜು, ಗಾಜಿನ ಬಾಗಿಲಿನ ಒಂದು ಬೀರು. ಅದನ್ನು ದಿನಾ ಗುಡಿಸಿ ಒರೆಸುವ ಆಯಾ ಇವಳು. ಮೈಗೆ ಹತ್ತಿದ ವಾಸನೆ ಏನು ಮಾಡಿದರೂ ಹೋಗುವುದಿಲ್ಲವೆಂದು ಹೊಲಿಗೆಯ ಹುಡುಗಿಯರು ಇಟ್ಟ ಹೆಸರು ಹಾಗೇ ಉಳಿದುಬಿಟ್ಟಿತ್ತು. ಅವಳ ಮಗಳೂ ಅಲ್ಲೇ, ಕಾಲರ್ ಹೊಲಿಯುವ ಮಿಷನ್ನಿನಲ್ಲಿ ಕೂರುತ್ತಿದ್ದಳು.

"ಮೆಲ್ಲಗೆ ಮಾತಾಡಿ ನರ್ಸಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ತಪ್ಪಾಗೋಗಿದೆ. ಇವತ್ತಿಗೆ ಮೂರನೇ ದಿನ. ನೀವೇ ಅವತ್ತು ಆಫೀಸಿನ ಮೇಡಮ್ಮೋರಿಗೆ ಹೇಳ್ತಿದ್ರಲ್ಲ, ಮೂರು ದಿನದೊಳಗೆ ನುಂಗಿದ್ರೆ ಬಸುರು ನಿಲ್ಲಲ್ಲ ಅಂತ."

"ಆ ಮೇಡಂ ಮದುವೆ ಆದೋರು ಕಣೇ."

"ಇವಳಿಗೂ ಹತ್ತೊಂಬತ್ತು ಅಂತ ಕೆಲಸಕ್ಕೆ ಸೇರುವಾಗ ನೀವೇ ಸರ್ಟಿಫಿಕೇಟ್ ಬರ್ಕೊಟ್ರಲ್ಲಮ್ಮ."

"ಹತ್ತೊಂಬತ್ತು ಮಿಷನ್ನಿಗೆ! ಮಾತ್ರೆಗೆ ಹದಿನಾರೇ." ನರ್ಸಮ್ಮ ದನಿ ತಗ್ಗಿಸಿದಳು, ಆದರೆ ಹಲ್ಲು ಕಚ್ಚಿದ್ದಳು. "ಹತ್ತೊಂಬತ್ತು ಅಂತೀಯಾ, ಹೋಗಿ ಅವಳ ಗಂಡನ ಸಹಿ ಹಾಕಿಸ್ಕೊಂಡು ಬಾ. ಹದಿನಾರು ಅಂತೀಯಾ, ಪೊಲೀಸಿಗೆ ತಿಳಿಸ್ಬೇಕಾಗುತ್ತೆ, ಕೆಲಸಾನೂ ಹೋಗುತ್ತೆ. ಯಾವ್ದು ಹೇಳು, ಅದನ್ನೇ ಮಾಡೋಣ."

ಯಾವುದೆಂದು ಹೇಳುತ್ತಾಳೆ ಪಾಪ! ಅವತ್ತು ಬೆಳಿಗ್ಗೆ ನಲ್ಲಿ ಮುಂದೆ ಕೊಡ ಇಟ್ಟುಕೊಂಡು ಮಗಳು ಬಾಯಿ ಬಿಟ್ಟಿದ್ದಳು. ಇಸ್ತ್ರಿ ಮೇಜಿನ ಹುಡುಗನಂತೆ, ಅವನಿಗೂ ಹದಿನೇಳೇ. ಹೆದರಿಕೊಂಡು ಎರಡು ದಿನದಿಂದ ಅವನು ಕೆಲಸಕ್ಕೇ ಬಂದಿರಲಿಲ್ಲ. ಫಿನಾಯಿಲಕ್ಕ ಮಗಳ ಬೆನ್ನಿಗೆ ನಾಲ್ಕು ಬಿಗಿದಳು, ಆಮೇಲೆ ಅವಳನ್ನೇ ತಬ್ಬಿಕೊಂಡು ಅತ್ತಳು. ಆ ಮಗಳನ್ನು ಹೆತ್ತಾಗ ಅವಳಿಗೇ ಹದಿನೇಳು. ಅಂದಿನಿಂದ ತಾನು ಪಟ್ಟ ಪಾಡು ಇವಳಿಗೆ ಬೇಡ ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು.

ಆ ಬೀರುವಿನ ಗಾಜನ್ನು ದಿನಾ ಒರೆಸುವವಳಿಗೆ ಒಳಗೇನಿದೆಯೆಂದು ಗೊತ್ತಿರದೆ ಇರುತ್ತದೆಯೇ? ಮೇಲಿನ ಖಾನೆಯಲ್ಲಿ ಆ ಮಾತ್ರೆಯ ಪೆಟ್ಟಿಗೆ; ಕೆಳಗಿನ ಖಾನೆಗಳ ತುಂಬ ಬಸಿರು ನೋಡುವ ಕಡ್ಡಿಗಳು. ತಿಂಗಳ ಒಂದನೇ ತಾರೀಕು, ನಲವತ್ತೈದರೊಳಗಿನ ಹೆಂಗಸರೆಲ್ಲ ಪುಟ್ಟ ಡಬ್ಬಿಯಲ್ಲಿ ಉಚ್ಚೆ ಹಿಡಿದು ಕೊಡಬೇಕು. ಕಸ ಗುಡಿಸುವವಳನ್ನೂ ಬಿಡುತ್ತಿರಲಿಲ್ಲ. ಯಾರ ಕಡ್ಡಿಯಲ್ಲಿ ಎರಡು ಗೆರೆ ಮೂಡಿತೋ ಅವಳು ಅವತ್ತೇ ಗೇಟಿನಾಚೆ. ಹೆರಿಗೆ ರಜೆ, ಸಂಬಳ ಎಂಬ ಉಸಾಬರಿಯೇ ಬೇಡವೆಂದು ಮಾಲೀಕರು ಕಂಡುಕೊಂಡ ದಾರಿ ಇದು. ಬಸಿರನ್ನು ಪತ್ತೆಹಚ್ಚುವುದಕ್ಕೆ ರಾಶಿ ರಾಶಿ ಕಡ್ಡಿ ತರಿಸುತ್ತಾರೆ, ತಪ್ಪಿಸುವ ಮಾತ್ರೆ ಮಾತ್ರ ಆಫೀಸಿನ ಹೆಂಗಸರಿಗೆ. ಬೀರುವಿನ ಕೀಲಿ ನರ್ಸಮ್ಮನ ಸೊಂಟದಲ್ಲಿತ್ತು.

ಊಟದ ಬೆಲ್ಲು ಹೊಡೆದದ್ದೇ ಫಿನಾಯಿಲಕ್ಕ ಗೇಟಿನೆದುರಿನ ಮೆಡಿಕಲ್ ಶಾಪಿಗೆ ಓಡಿದಳು. ಅಲ್ಲಿ ನಾಲ್ಕೈದು ಗಂಡಸರು ನಿಂತಿದ್ದರು. ಅವರು ಹೋಗಲಿ ಎಂದು ಕಾದಳು. ಒಬ್ಬ ಹೋದರೆ ಇಬ್ಬರು ಬಂದರು. ಕೊನೆಗೆ ಕೌಂಟರಿನ ಮೇಲೆ ಬಗ್ಗಿ ಪಿಸುಗುಟ್ಟಿದಳು.

"ಏನು? ಬಾಯಲ್ಲಿ ಅವಲಕ್ಕಿ ಇಟ್ಕೊಂಡಿದ್ದೀಯಾ? ಜೋರಾಗಿ ಹೇಳು. ಓಹೋ, ಆ ಮಾತ್ರೆನಾ! ಯಾರಿಗೆ?"

"ನಂಗೇ ಸಾರ್."

"ಯಾಕಕ್ಕ, ಸತ್ತ ಗಂಡ ಎದ್ದು ಬಂದ್ನಾ?" ಎಂದ ಅಂಗಡಿಯವನು. ಕಾರ್ಖಾನೆಯವರ ಮನೆ ವಿಷಯವೆಲ್ಲ ಅವನಿಗೆ ಗೊತ್ತು. ನಿಂತವರು ಘೊಳ್ಳೆಂದು ನಕ್ಕರು. "ಅಂಥದ್ದೆಲ್ಲ ಇಲ್ಲಿ ಇಡಲ್ಲ. ಇದು ಮರ್ಯಾದಸ್ಥರ ಅಂಗಡಿ, ನಡಿ ನಡಿ."

ಆ ಮರ್ಯಾದಸ್ಥನ ಬೆನ್ನ ಹಿಂದೆ ಗಂಡಸರ ಶಕ್ತಿ ಹೆಚ್ಚಿಸುವ ಕುದುರೆ ಚಿತ್ರದ ಡಬ್ಬಿಗಳು ಸಾಲಾಗಿ ಕೂತಿದ್ದವು. ಇನ್ನೊಂದು ಅಂಗಡಿಗೆ ಬಸ್ಸು ಹತ್ತಬೇಕು. ಅಷ್ಟರಲ್ಲಿ ಸೈರನ್ ಕೂಗಿತು. ಸಂಜೆ ಓವರ್‌ಟೈಮು ಮುಗಿಸಿ ಅಮ್ಮ ಮಗಳಿಬ್ಬರೂ ಬಸ್ಸು ಹಿಡಿದು ಹೋದರೆ, ಆ ಅಂಗಡಿಯವನು ಆಗಷ್ಟೇ ಶಟರ್ ಎಳೆದು ಹೋಗಿದ್ದ. ಮೂರನೇ ದಿನ ಹಾಗೆ ಮುಗಿದುಹೋಯಿತು.

ಆ ತಿಂಗಳು ಮಗಳು ಮುಟ್ಟಾಗಲಿಲ್ಲ.

ಒಂದನೇ ತಾರೀಕು ನರ್ಸಮ್ಮ ಮೇಜಿನ ಮೇಲೆ ಉದ್ದನೆಯ ಕಾಗದ ಹಾಸಿದಳು. ಪ್ರತಿ ಡಬ್ಬಿಗೂ ಒಂದು ಕಡ್ಡಿ ಅದ್ದಿ, ಕಾಗದದಲ್ಲಿ ಅವರವರ ನಂಬರಿನ ಮೇಲೆ ಇಡುತ್ತಾ ಹೋದಳು. ಮಗಳದು ಅರವತ್ತೊಂದು, ಅಮ್ಮನದು ಅರವತ್ತೆರಡು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು.

"ಡಬ್ಬಿ ಎಲ್ಲ ಚೆಲ್ಲಿ ತೊಳ್ದಿಡು. ಗೆರೆ ಮೂಡೋ ಹೊತ್ತಿಗೆ ಸೂಪರ್‌ವೈಸರನ್ನ ಕರ್ಕೊಂಡು ಬರ್ತೀನಿ" ಎಂದು ಹೊರಟಳು.

ಫಿನಾಯಿಲಕ್ಕ ಡಬ್ಬಿಗಳನ್ನು ತೊಳೆದಿಟ್ಟು ಮೇಜಿನ ಹತ್ತಿರ ಬಂದಳು. ಓದು ಬರಹ ಬಾರದಿದ್ದರೂ ಅಂಕಿ ಗುರುತು ಸಿಗುತ್ತಿತ್ತು, ಒಂದು ಗೆರೆಗೂ ಎರಡು ಗೆರೆಗೂ ವ್ಯತ್ಯಾಸ ಅವಳಿಗೆ ಚೆನ್ನಾಗಿ ಗೊತ್ತು. ಅರವತ್ತೊಂದರಲ್ಲಿ ಎರಡನೇ ಗೆರೆ ಮೊದಲು ಮಸುಕಾಗಿ, ಆಮೇಲೆ ಕೆಂಪಗೆ ಎದ್ದಿತು. ಅಯ್ಯೋ ದೇವರೇ, ಎಂದು ಮೇಜು ಹಿಡಿದುಕೊಂಡಳು.

ಕಡ್ಡಿಯನ್ನು ಬಿಸಾಕುವಂತಿಲ್ಲ, ಒಂದು ಕಡಿಮೆಯಾದರೂ ಗೊತ್ತಾಗುತ್ತದೆ. ಬೇರೆ ಯಾರದ್ದಾದರೂ ಜೊತೆ ಅದಲುಬದಲು ಮಾಡಬೇಕು, ಅಷ್ಟೇ. ಎತ್ತಿಕೊಂಡಳು. ಕೈ ನಲವತ್ತರ ಮೇಲೆ ಹೋಗಿ ನಿಂತಿತು. ಗುಂಡಿ ಹಚ್ಚುವವಳು ಅವಳು, ಬಲು ಬಾಯಿಬಡುಕಿ. ಮಗಳ ಹಿಂದೆ ಇಲ್ಲಸಲ್ಲದ್ದು ಆಡಿಕೊಂಡು ನಕ್ಕವಳು. ಅನುಭವಿಸಲಿ ಮುಂಡೇದು ಅನ್ನಿಸಿತು. ಆದರೆ ಅವಳ ಮನೆಯಲ್ಲೂ ಒಲೆ ಉರಿಯಬೇಕಲ್ಲ. ಹೊರಗೆ ಬೂಟಿನ ಸದ್ದಾಯಿತು. ಫಿನಾಯಿಲಕ್ಕ ಮಗಳ ಕಡ್ಡಿಯನ್ನು ಅರವತ್ತೆರಡರ ಮೇಲಿಟ್ಟಳು, ತನ್ನದನ್ನು ಅರವತ್ತೊಂದರ ಮೇಲೆ ಸರಿಸಿದಳು.

"ಅರವತ್ತೆರಡು ಯಾವಳೇ ಅದು?" ಎಂದು ಸೂಪರ್‌ವೈಸರ್ ಕೇಳಿದ.

ನರ್ಸಮ್ಮ ಕಾಗದ ನೋಡಿದಳು, ಪಕ್ಕದ ಕಡ್ಡಿ ನೋಡಿದಳು, ಆಯಾಳ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಆದರೆ ಬಾಯಿ ಬಿಟ್ಟರೆ ತಾನು ಬರೆದುಕೊಟ್ಟ ಹತ್ತೊಂಬತ್ತರ ಸರ್ಟಿಫಿಕೇಟೂ ಹೊರಗೆ ಬರುತ್ತದೆ. "ಇವಳೇ ಸಾರ್" ಎಂದು ಕಿಟಕಿಯ ಕಡೆ ತಿರುಗಿಕೊಂಡಳು.

ಸೂಪರ್‌ವೈಸರ್ ಫಿನಾಯಿಲಕ್ಕನ ರಟ್ಟೆ ಹಿಡಿದು ಮಿಷನ್ನುಗಳ ನಡುವೆ ತಂದು ನಿಲ್ಲಿಸಿದ. ಕರೆಂಟು ತೆಗೆಸಿದ. ಮುನ್ನೂರು ಹೆಂಗಸರು ತಲೆ ಎತ್ತಿದರು.

"ನೋಡ್ರೇ ಎಲ್ರೂ! ಗಂಡ ಸತ್ತು ಆರು ವರ್ಷ ಆಯ್ತು, ಈ ಲೌಡಿಗೆ ಈಗ ಬಸುರು. ಬೊಗಳೇ, ಯಾರದು?"

ಫಿನಾಯಿಲಕ್ಕ ತಲೆ ತಗ್ಗಿಸಿಯೇ ನಿಲ್ಲಬೇಕೆಂದುಕೊಂಡಿದ್ದಳು. ಆದರೆ ಬಾಯಿ ಅವಳ ಮಾತು ಕೇಳಲಿಲ್ಲ.

"ನಿಮ್ದೇ ಅಂದ್ರೆ ಬರ್ಕೊಳ್ತೀರಾ ಸಾರ್?"

ಯಾರೋ ಕಿಸಕ್ಕೆಂದರು. ಕೆನ್ನೆಗೆ ಛಟೀರನೆ ಏಟು ಬಿತ್ತು. ಕಾಲರ್ ಸಾಲಿನಲ್ಲಿ ಮಗಳು ಎದ್ದು ನಿಂತಳು. ಅವಳ ಮುಖ ಸುಣ್ಣದಂತಾಗಿತ್ತು.

"ಅಮ್ಮಾ, ಅದು ನಂ..."

"ಕೂತ್ಕೊಳ್ಳೇ!" ಅಮ್ಮ ಕಿರುಚಿದಳು. "ಬಾಯ್ಮುಚ್ಕೊಂಡು ಕೂತ್ಕೊಂಡು ಕಾಲರ್ ಹೊಲಿ!"

ಮಗಳು ಕೂತಳು. ಕರೆಂಟು ಬಂತು, ಮಿಷನ್ನುಗಳು ಮತ್ತೆ ಓಡತೊಡಗಿದವು.

ಗೇಟಿನಲ್ಲಿ ವಾಚ್‌ಮನ್ ಅವಳ ಕಾರ್ಡು ಕಿತ್ತುಕೊಂಡು ಆಚೆ ತಳ್ಳಿದ. ಅವಳು ಮನೆಗೆ ಹೋಗಲಿಲ್ಲ. ಕೆನ್ನೆ ಹಿಡಿದುಕೊಂಡು ಗೋಡೆಗೆ ಒರಗಿ, ಮಗಳ ದಾರಿ ಕಾಯುತ್ತ ಬಿಸಿಲಲ್ಲೇ ಕೂತಳು. ಮುಂದಿನ ಒಂದನೇ ತಾರೀಕಿಗೆ ಆ ಕೋಣೆ ಗುಡಿಸಲು ಬೇರೆ ಯಾರೋ ಬಂದಿರುತ್ತಾರೆ; ಅರವತ್ತೊಂದರ ಕಡ್ಡಿ ಸರಿಸುವವರು ಯಾರೂ ಇರುವುದಿಲ್ಲ.