ತಿರುವಿನಲ್ಲಿದ್ದ ಬೀರು

"ತಡೀರಿ, ಇನ್ನೊಂದು ಸಲ ನೂಕೋಣ," ಎಂದು ಕೆಳಮನೆಯ ಬಸ್ ಡ್ರೈವರ್ ಅಂಗಿಯ ತೋಳು ಮಡಚಿದ. ನಾಲ್ಕು ಜನ ಹೆಗಲು ಕೊಟ್ಟರು. ಕಬ್ಬಿಣದ ಬೀರು ಕಮಕ್ ಕಿಮಕ್ ಎನ್ನಲಿಲ್ಲ.

ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ, ಮೆಟ್ಟಿಲು ತಿರುಗುವ ಜಾಗದಲ್ಲಿ ಅದು ಹನ್ನೊಂದು ವರ್ಷದಿಂದ ಬೇರು ಬಿಟ್ಟು ಕೂತಿತ್ತು. ಇಟ್ಟವಳು ಈಗ ಉಸಿರು ನಿಂತು, ಮೇಲೆ ಮನೆಯಲ್ಲಿ ಹಲಗೆಯ ಮೇಲೆ ಮಲಗಿದ್ದಳು. ನಾಲ್ಕು ಸಲ ಗೆದ್ದ ಶಾಸಕಿ, ಐದನೇ ಸಲ ಸೋತ ಮೇಲೆ, ತಾನೇ ಹೋರಾಡಿ ಕಟ್ಟಿಸಿದ್ದ ಈ ಬಡವರ ಕಾಲೊನಿಗೆ ಬಾಡಿಗೆಗೆ ಬಂದಿದ್ದಳು. "ತಿರುವಿನಲ್ಲಿ ಒಂದು ಚಪ್ಪಲಿ ಬಿಟ್ಟರೂ ನೋಡಿ ಮತ್ತೆ," ಎಂದು ಮನೆಮನೆಗೆ ಹೋಗಿ ಗದರುತ್ತಿದ್ದವಳು, ತನ್ನ ಬಜೆಟ್ ಪುಸ್ತಕಗಳಿಗೆ ಎರಡು ಕೋಣೆ ಸಾಲದೆ, "ಎರಡು ದಿನ ಇರಲಿ" ಎಂದು ಬೀರುವನ್ನು ಅಲ್ಲೇ ಇಡಿಸಿದ್ದಳು.

"ಅಕ್ಕಾ, ಕುರ್ಚೀಲಿ ಕೂರಿಸಿ ಇಳಿಸೋಣ್ವಾ? ಹುಷಾರಾಗಿ ಇಳಿಸ್ತೀವಿ," ಎಂದ ಡ್ರೈವರ್.

"ಬೇಡ," ಎಂದಳು ಮಗಳು. ಬೆಳಗಿನಿಂದ ಅವಳು ಜೋರಾಗಿ ಆಡಿದ ಮೊದಲ ಮಾತು ಅದು. "ಅಮ್ಮ ಮಲಗೇ ಇಳೀಬೇಕು."

*

ಅಮ್ಮನಿಗೆ ಒಂಬತ್ತು ವರ್ಷವಾಗಿದ್ದಾಗ ಅವಳಪ್ಪ ತೀರಿಕೊಂಡದ್ದು ಒಂದು ಹಳೆಯ ವಠಾರದ ಮೇಲಿನ ಕೋಣೆಯಲ್ಲಿ. ಅಲ್ಲಿಯ ಮೆಟ್ಟಿಲಲ್ಲಿ ಒಬ್ಬರು ಹತ್ತಿದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಹೆಣವನ್ನು ಕುರ್ಚಿಗೆ ಕಟ್ಟಿ ಇಳಿಸಿದರು. ಒಂದೊಂದು ಮೆಟ್ಟಿಲಿಗೂ ತಲೆ ಆಡುತ್ತಿತ್ತು.

"ಜೀವ ಇದ್ದಾಗ ಮನೆ ಮಾಲೀಕನಿಗೂ ತಲೆಯಾಡಿಸದ ಮನುಷ್ಯ ಕಣೇ," ಅಮ್ಮ ಹೇಳುತ್ತಿದ್ದಳು. "ಅವತ್ತು ಕಂಡಕಂಡವರಿಗೆಲ್ಲ ಹೂಂ ಹೂಂ ಅಂದ್ಕೊಂಡು ಇಳಿದ."

ಹೇಳಿ ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಎದ್ದುಹೋಗಿ ಪಾತ್ರೆ ತೊಳೆಯುತ್ತಿದ್ದಳು, ತೊಳೆದಿಟ್ಟ ಪಾತ್ರೆಗಳನ್ನೇ.

*

ಬೀರುವಿನ ಕೀಲಿ ಅಮ್ಮನ ಕನ್ನಡಕದ ಡಬ್ಬಿಯಲ್ಲಿ ಸಿಕ್ಕಿತು. ಮೆಟ್ಟಿಲುದ್ದಕ್ಕೂ ಜನ ಸಾಲಾಗಿ ನಿಂತರು. ಇಪ್ಪತ್ತು ವರ್ಷದ ಬಜೆಟ್ ಕೈಯಿಂದ ಕೈಗೆ ಇಳಿಯತೊಡಗಿತು.

"ಏನ್ರೀ ಇದು, ಕಲ್ಲು ತುಂಬಿದ ಹಾಗಿದೆ."

"ನಮ್ಮ ಮನೆ ಯಾವ ಪುಟದಲ್ಲಿದೆ ಸ್ವಲ್ಪ ಹುಡುಕ್ರಪ್ಪಾ."

"ಅಮ್ಮೋರು ಕೆಂಪು ಪೆನ್ಸಿಲಲ್ಲಿ ಬರೆದಿದ್ದಾರೆ, ಕೇಳಿ. 'ಇದು ಸುಳ್ಳು.'"

"ಮುಂದಿನ ಪುಟ?"

"'ಇದೂ ಸುಳ್ಳು.'"

"ನಿಜ ಒಂದಾದ್ರೂ ಇದೆಯಾ ನೋಡು ಮಾರಾಯ."

"ಇದೆ ಇದೆ. 'ಇದು ನಿಜ. ಆದರೆ ಸಾಲದು.'"

ಮೆಟ್ಟಿಲು ಮೆಟ್ಟಿಲೇ ನಕ್ಕಿತು. ಮಗಳಿಗೆ ಮೊದಲು ಸಿಟ್ಟು ಬಂತು, ಸಾವಿನ ಮನೆಯಲ್ಲಿ ಇದೇನು ಎಂದು. ಆಮೇಲೆ ಅವಳಿಗೇ ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

ಅಷ್ಟರಲ್ಲಿ ಊರುಗೋಲು ಕುಟ್ಟುತ್ತ, ಏದುಸಿರು ಬಿಡುತ್ತ ಮುದುಕರೊಬ್ಬರು ಹತ್ತಿ ಬಂದರು. ಹಳೆಯ ಹಣಕಾಸು ಮಂತ್ರಿ. ಯಾವ ಖರ್ಚು ಕಂಡರೂ ಕತ್ತರಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ಕತ್ತರಿ ಸಾಹೇಬರು.

"ಮೂರು ಸುತ್ತು ಸುತ್ತಿದೆ ಕಣಮ್ಮ," ಎಂದರು ಮಗಳಿಗೆ. "ರಸ್ತೆಗೆ ಒಂದು ಕಮಾನಿದ್ದಿದ್ರೆ ಹೀಗೆ ದಾರಿ ತಪ್ತಿತ್ತಾ?"

"ಆ ಕಮಾನಿನ ಮೇಲೇ ನಿಂತಿದ್ದೀರಲ್ಲ ಸಾರ್," ಎಂದರು ಈ ಕಟ್ಟಡ ಕಟ್ಟಿದ ಗಾರೆ ಮೇಸ್ತ್ರಿ, ತಿರುವಿನ ನೆಲವನ್ನು ಹಿಮ್ಮಡಿಯಿಂದ ತಟ್ಟಿ.

*

"ತಿರುವು ಅಗಲ ಮಾಡಿದರೆ ನೂರಕ್ಕೆ ಮೂರು ಮನೆ ಕಡಿಮೆ ಬೀಳುತ್ತೆ," ಎಂದಿದ್ದರು ಕತ್ತರಿ ಸಾಹೇಬರು, ಈ ಕಾಲೊನಿಯ ನಕ್ಷೆ ಶಾಸನಸಭೆಗೆ ಬಂದಾಗ. "ಸತ್ತವರಿಗೋಸ್ಕರ ಬದುಕಿರೋರ ಮನೆ ಕಿತ್ಕೊಳ್ತೀರಾ?"

"ಅದೇ ತಿರುವಿನಲ್ಲಿ ಹೆರಿಗೆ ನೋವು ಬಂದವಳೂ ಇಳೀಬೇಕು, ಕಾಲಿಲ್ಲದವನೂ ಇಳೀಬೇಕು," ಎಂದಿದ್ದಳು ಅಮ್ಮ. "ಬಡವರ ಮನೆ ಅಂದರೆ ಗೋಡೆ ಲೆಕ್ಕ ಹಾಕ್ತೀರಿ. ಒಳಗೆ ಬಂದು ಹೋಗೋ ಜೀವದ ಲೆಕ್ಕ ಯಾರು ಹಾಕಬೇಕು? ನನಗೆ ಮೂರು ಮನೆಯೂ ಬೇಕು, ತಿರುವೂ ಬೇಕು. ನಿಮ್ಮ ಹೆಸರು ಕೆತ್ತಿಸೋ ಆ ಕಮಾನು, ಆ ಕಾರಂಜಿ ಕೈಬಿಡಿ. ಸರಿಹೋಗುತ್ತೆ."

ಸಭೆಗೆ ಸಭೆಯೇ ನಕ್ಕಿತು. ಸಾಹೇಬರು ಮೂರು ದಿನ ಮುಖ ಊದಿಸಿಕೊಂಡಿದ್ದು, ನಾಲ್ಕನೇ ದಿನ ಸಹಿ ಹಾಕಿದರು.

*

ಖಾಲಿ ಬೀರು ಮೇಲೆ ಅಮ್ಮನ ಎದುರುಮನೆಯೊಳಗೆ ಸೇರಿತು. ಮೇಸ್ತ್ರಿ ಬರಿದಾದ ಜಾಗವನ್ನು ಕಣ್ಣಲ್ಲೇ ಅಳೆದರು.

"ನಿಮ್ಮಮ್ಮ ಇಲ್ಲೇ ನೆಲದ ಮೇಲೆ ಮಲಗಿ ಅಳತೆ ಕೊಟ್ಟಿದ್ರು ತಾಯಿ. 'ನಮ್ಮಪ್ಪ ನನಗಿಂತ ಒಂದು ಅಂಗೈ ಉದ್ದ, ಅದನ್ನೂ ಸೇರಿಸು ಮೇಸ್ತ್ರಿ' ಅಂದ್ರು."

ಮಗಳು ಗೋಡೆ ಸವರಿ ನೋಡಿ, ಮೇಲೆ ಹೋಗಿ ಹಲಗೆಯ ತಲೆಯ ಕಡೆ ತಾನೇ ಹಿಡಿದಳು.

"ಬರ್ಲಿ, ಬರ್ಲಿ," ಡ್ರೈವರ್ ಬಸ್ಸು ಹಿಂದಕ್ಕೆ ತೆಗೆಸುವವನಂತೆ ಕೈಯಾಡಿಸಿದ. "ಮುಂದಿನವರು ಎತ್ತಿ, ಹಿಂದಿನವರು ತಗ್ಗಿಸಿ. ಈಗ ಪೂರ್ತಿ ಬಲಕ್ಕೆ. ನಿಧಾನ, ಹಾರ್ನ್ ಹೊಡೆಯೋರು ಯಾರೂ ಇಲ್ಲ."

ಕತ್ತರಿ ಸಾಹೇಬರು ಊರುಗೋಲನ್ನು ಗೋಡೆಗೆ ಒರಗಿಸಿ, ಹಲಗೆಯ ಒಂದು ಅಂಚಿಗೆ ಕೈ ಕೊಟ್ಟರು. ಹಲಗೆ ತಿರುಗಿತು. ಮೇಸ್ತ್ರಿ ಅದರ ತುದಿಗೂ ಗೋಡೆಗೂ ನಡುವೆ ತಮ್ಮ ಅಂಗೈ ತೂರಿಸಿದರು. ಸರಿಯಾಗಿ ಅಷ್ಟೇ ಜಾಗವಿತ್ತು.

ಅಮ್ಮನ ತಲೆ ಆಡಲಿಲ್ಲ.

ಬಜೆಟ್ ಪುಸ್ತಕಗಳನ್ನು ಎದೆಗಪ್ಪಿಕೊಂಡು ಕೆಳಗಿನವರೆಗೂ ನಿಂತಿದ್ದವರು ಬದಿಗೆ ಸರಿದರು. ಅವಳು ದಾಟಿದಂತೆಲ್ಲ ಒಬ್ಬರಾದ ಮೇಲೊಬ್ಬರು, ಹೂಂ ಎನ್ನುವ ಹಾಗೆ ತಲೆಯಾಡಿಸಿದರು.