ಕೋಟೆಮೋಳೆಗೆ ಹೋಗದ ರಸ್ತೆ

ನಾನು ಒಂದು ಘಾಟಿ ರಸ್ತೆ. ಗಿಣಿಕಲ್ಲು ಬೆಟ್ಟದ ಮೈಮೇಲೆ ಹನ್ನೆರಡು ತಿರುವು ಹಾಕಿಕೊಂಡು ಬಿದ್ದಿದ್ದೇನೆ. ನನ್ನನ್ನು ಹುಟ್ಟಿಸಿದ್ದು ಯಾವ ದೊಡ್ಡ ಇಂಜಿನಿಯರೂ ಅಲ್ಲ, ಚೆನ್ನ ಎಂಬ ಒಂದು ಮುದಿ ಎತ್ತು. ನಗಬೇಡಿ, ಇದ್ದದ್ದನ್ನೇ ಹೇಳುತ್ತಿದ್ದೇನೆ.

ಬೆಟ್ಟದ ತುದಿಯಲ್ಲಿ, ಪಾಳುಬಿದ್ದ ಕೋಟೆಯ ಮಗ್ಗುಲಿಗೆ, ಕೋಟೆಮೋಳೆ ಎಂಬ ಮೂವತ್ತು ಮನೆಗಳ ಊರಿದೆ. ಆ ಊರಿನ ಕೆಂಡಗಣ್ಣ ಎತ್ತುಗಳ ಬೆನ್ನ ಮೇಲೆ ರಾಗಿ, ಹುಣಿಸೆಹಣ್ಣು ಹೇರಿಕೊಂಡು ಕೆಳಗಿನ ಸಂತೆಗೆ ಇಳಿಯುತ್ತಿದ್ದವನು. ರಸ್ತೆ ಮಾಡಲು ಬಂದ ಓವರ್‌ಸಿಯರ್ ಮೂರು ಕಾಲಿನ ದುರ್ಬೀನು ನೆಟ್ಟು ಒಂದು ತಿಂಗಳು ಒಂದು ಕಣ್ಣು ಮುಚ್ಚಿ ನೋಡಿದ. ಎಲ್ಲಿಂದ ಅಳೆದರೂ ಏರು ಹದಕ್ಕೆ ಬರಲಿಲ್ಲ. ಆಗ ಕೆಂಡಗಣ್ಣ ತಲೆ ಕೆರೆದುಕೊಳ್ಳುತ್ತ ಮುಂದೆ ಬಂದ.

"ಬುದ್ಧಿ, ನಮ್ ಚೆನ್ನನ್ ಬೆನ್ ಮ್ಯಾಲೆ ಸುಣ್ಣದ ಚೀಲ ಹೇರ್ತೀನಿ. ಚೀಲಕ್ಕೊಂದು ತೂತ ಮಾಡ್ತೀನಿ. ವಯಸ್ಸಾದೋನು ಅವ, ಕಡಿದಾದ ಏರು ಹತ್ತಕಿಲ್ಲ. ಎಲ್ ನಿಂತ್ಕತಾನೋ ಅಲ್ಲೇ ತಿರುವು ಹಾಕ್ಬುಡಿ."

ಎತ್ತಿನ ಮೇಲೆ ಹೇರು ಹೊಡೆಯುವವರಿಗೆಲ್ಲ ಗೊತ್ತಿದ್ದ ಉಪಾಯ ಅದು. ಚೆನ್ನ ಏದುಸಿರು ಬಂದ ಕಡೆ ನಿಂತ, ತನಗೆ ಹಿತವೆನಿಸಿದ ಕಡೆ ತಿರುಗಿದ, ಮತ್ತೆ ನಡೆದ. ಅವನ ಹಿಂದೆ ಸುರಿದ ಸುಣ್ಣದ ಗೆರೆಯಾಗಿ ನಾನು ಹುಟ್ಟಿದೆ. ಗೆರೆ ಹೋಗಿ ನಿಂತದ್ದು ಕೋಟೆಮೋಳೆಯ ಬೇವಿನ ಮರದ ಬುಡದಲ್ಲಿ. ಓವರ್‌ಸಿಯರ್ ಅಲ್ಲೇ ಕುಳಿತು ಎರಡು ಲೋಟ ಮಜ್ಜಿಗೆ ಕುಡಿದು, "ರಸ್ತೆ ಇದೇ ಮರದ ತನಕ ಬರುತ್ತೆ, ನನ್ನ ಮಾತು ನಂಬಿ," ಎಂದ. ಊರಿಗೆ ಊರೇ ನಂಬಿತು.

ನಂಬದೆ ಏನು ಮಾಡಿಯಾರು? ಅಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಕಂಬಳಿಯ ಜೋಲಿಯಲ್ಲಿ ಮಲಗಿಸಿ, ಬಿದಿರಿನ ಗಳುವಿಗೆ ಹೆಗಲು ಕೊಟ್ಟು, ಕೋಟೆಯ ಕಾಲದ ಕಲ್ಲುಮೆಟ್ಟಿಲಲ್ಲಿ ಇಳಿಸಿಕೊಂಡು ಬರಬೇಕಿತ್ತು. ಆಸ್ಪತ್ರೆ ಕಾಣುವಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು. ಆ ಮೆಟ್ಟಿಲುಗಳನ್ನು ಊರಿನವರು ಮನೆಗಿಷ್ಟು ಎಂದು ಪಾಲು ಹಾಕಿಕೊಂಡಿದ್ದರು. ಯಾವ ಮನೆಯ ಪಾಲಿನ ಕಲ್ಲು ಅಲುಗಿದರೂ ಆ ಮನೆಯವರೇ ಭದ್ರ ಮಾಡಬೇಕು. ಹೊಸದಾಗಿ ಬಂದ ಸೊಸೆಗೆ ಅಡುಗೆಮನೆಗಿಂತ ಮೊದಲು ತೋರಿಸುತ್ತಿದ್ದದ್ದು ಅವಳ ಮನೆಯ ಮೆಟ್ಟಿಲುಗಳನ್ನು.

ಎರಡನೆಯ ಬೇಸಿಗೆಗೆ ನಾನು ಒಂಬತ್ತನೆಯ ತಿರುವು ದಾಟಿದ್ದೆ. ತಳಕ್ಕೆ ಹಾಸುವ ಕಲ್ಲು ಸಾಲದೆ ಕೆಲಸ ನಿಂತಿತು. ಕೆಳಗಿನಿಂದ ಕಲ್ಲು ಬರಲು ವರ್ಷವಾದೀತು ಎಂದರು. ಕೆಂಡಗಣ್ಣ ಊರಿನವರನ್ನು ಕೂಡಿಸಿದ.

"ರಸ್ತೆ ಬಂದ್ ಮ್ಯಾಲೆ ಮೆಟ್ಲು ಯಾರಿಗ್ ಬೇಕ್ರಪ್ಪ? ಅವ್ನೇ ಕಿತ್ತು ಕೊಟ್ಬುಡವ."

ಯಾರೂ ಎದುರಾಡಲಿಲ್ಲ. ಬೆಟ್ಟದ ತುದಿಯಿಂದ ನನ್ನವರೆಗಿನ ಮೆಟ್ಟಿಲುಗಳನ್ನು ಒಂದೊಂದು ಮನೆಯವರೂ ತಮ್ಮ ತಮ್ಮ ಪಾಲಿನಂತೆ ಎಬ್ಬಿಸಿದರು. ತೆಗೆಯುವ ಮೊದಲು ಅರಿಸಿನ ಕುಂಕುಮ ಇಟ್ಟು ಕೈ ಮುಗಿದರು. ಹೊತ್ತು ತಂದು ನನ್ನ ಹೊಟ್ಟೆಗೆ ಹಾಸಿದರು, ಮೇಲೆ ಜಲ್ಲಿ, ಅದರ ಮೇಲೆ ಡಾಂಬರು. ಅಷ್ಟು ಪ್ರೀತಿಯಿಂದ ನನ್ನನ್ನು ಆಮೇಲೆ ಯಾರೂ ಮುಟ್ಟಲಿಲ್ಲ.

ಹನ್ನೆರಡನೆಯ ತಿರುವಿಗೆ ಬಂದಾಗ ಒಂದು ಜೀಪಿನ ತುಂಬ ದೊಡ್ಡವರು ಬಂದಿಳಿದರು. ಅಲ್ಲಿಂದ ಕಾಣುವ ಕಣಿವೆ, ತೇಲುವ ಮೋಡ, ಕೋಟೆಯ ಮುರುಕು ಬುರುಜು ನೋಡಿ ಮೈಮರೆತರು. ಇಲ್ಲಿಂದ ಎಡಕ್ಕೆ ತಿರುಗಿಸಿ, ಆ ಬಂಡೆಯ ಮೇಲೊಂದು ಅತಿಥಿಗೃಹ ಕಟ್ಟಿ ಎಂದರು. ಮಜ್ಜಿಗೆ ಕುಡಿದ ಓವರ್‌ಸಿಯರಿಗೆ ವರ್ಗವಾಗಿತ್ತು. ಹೊಸಬನ ನಕ್ಷೆಯಲ್ಲಿ ಕೋಟೆಮೋಳೆಯೇ ಇರಲಿಲ್ಲ. ಬೇವಿನ ಮರ ಬಲಕ್ಕಿತ್ತು, ನಾನು ಎಡಕ್ಕೆ ತಿರುಗಿದೆ. ತಿರುಗಿಸಿದವರು ಬೇರೆಯವರು, ಒಪ್ಪುತ್ತೇನೆ, ಆದರೆ ತಿರುಗಿದವನು ನಾನೇ.

ಆಮೇಲೆ ನನಗೆ ಹಸಿರು ಬಣ್ಣದ ಫಲಕ ಹಾಕಿದರು: 'ಪಾರಂಪರಿಕ ರಮಣೀಯ ಮಾರ್ಗ'. ಕಾರುಗಳು ಬಂದವು. ಹೊಸದಾಗಿ ಮದುವೆಯಾದವರು ತಿರುವು ತಿರುವಿಗೂ ಇಳಿದು ಫೋಟೊ ತೆಗೆಸಿಕೊಂಡರು, ಚಿಪ್ಸಿನ ಪೊಟ್ಟಣ ಎಸೆದು, ಎಷ್ಟು ಚೆನ್ನಾಗಿದೆ ರಸ್ತೆ ಎಂದು ಹೊಗಳಿ ಹೋದರು. ಸುಳ್ಳೇಕೆ ಹೇಳಲಿ, ನನಗೂ ಹಿಗ್ಗಾಯಿತು. ಆ ಹಿಗ್ಗನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಕೆಂಡಗಣ್ಣ ನನ್ನ ಮೇಲೆಯೇ ಗ್ಯಾಂಗ್ ಕೂಲಿಯಾಗಿ ಸೇರಿಕೊಂಡ. ಗುಂಡಿ ಮುಚ್ಚುವುದು, ಚರಂಡಿ ಬಿಡಿಸುವುದು ಅವನ ಕೆಲಸ. ಸೇರಿದ್ದು ಮಾತ್ರ ಬೇರೆ ಆಸೆಗೆ. ಯಾವ ಸಾಹೇಬ ಬಂದರೂ ತಲೆವಸ್ತ್ರ ತೆಗೆದು ನಿಂತು, "ಇನ್ನ ಮೂರೇ ಮೈಲಿ ಬುದ್ಧಿ," ಎನ್ನುತ್ತಿದ್ದ. ಆಗಲಿ ನೋಡೋಣ ಎನ್ನುತ್ತಿದ್ದರು. ಹಾಗೆ ಹನ್ನೊಂದು ವರ್ಷ ನೋಡಿದರು. ಊರಿನವರು ಅವನನ್ನು 'ಎತ್ತಿನ ಇಂಜಿನಿಯರ್' ಎಂದು ಆಡಿಕೊಂಡರು. ಅವನ ಮಾತು ಕೇಳಿಯೇ ತಾನೇ ಅವರು ಇದ್ದ ಮೆಟ್ಟಿಲನ್ನೂ ಕಳೆದುಕೊಂಡದ್ದು? ಅವನ ಮಗಳು ದುಂಡಮ್ಮ ಮಧ್ಯಾಹ್ನ ಮುದ್ದೆ ತಂದರೆ, ಅವನು ಊರಿಗೆ ಬೆನ್ನು ಹಾಕಿ ಕುಳಿತು ಉಣ್ಣುತ್ತಿದ್ದ.

ಒಂದು ಬೆಳಿಗ್ಗೆ ಕೆಂಡಗಣ್ಣನಿಗೆ ಎದೆನೋವು ಬಂತು. ನಾಲ್ವರು ಜೋಲಿ ಹೊತ್ತರು, ಹಿಂದೆ ದುಂಡಮ್ಮ ನಡೆದಳು. ಮೆಟ್ಟಿಲಿದ್ದ ಕಡೆ ಈಗ ಬರೀ ಉರುಳುವ ಜಲ್ಲಿ. ಎರಡು ಸಲ ಜಾರಿ ಬಿದ್ದು, ಮೊಣಕಾಲು ಒಡೆದುಕೊಂಡು, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹನ್ನೆರಡನೆಯ ತಿರುವು ಮುಟ್ಟಿದರು. ಅಲ್ಲಿ ನನಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು, ಸಿನಿಮಾದವರು ಹಾಡಿನ ಶೂಟಿಂಗ್ ನಡೆಸಿದ್ದರು. ಕೆಳಗೆ ಯಾವ ಗಾಡಿಯನ್ನೂ ಬಿಡುತ್ತಿರಲಿಲ್ಲ.

"ಇದೊಂದು ಶಾಟ್ ಮುಗೀಲಿ ಕಣ್ರಿ, ಅರ್ಧ ಗಂಟೆ," ಎಂದ ಹಗ್ಗ ಹಿಡಿದವನು.

ಜೋಲಿಯನ್ನು ನನ್ನ ಮೇಲೆ ಇಳಿಸಿದರು. ಕೆಂಡಗಣ್ಣ ಅಂಗೈ ಊರಿದ. ಬಿಸಿಲಿಗೆ ನಾನು ಕಾದಿದ್ದೆ, ಆದರೂ ಅವನು ಕೈ ತೆಗೆಯಲಿಲ್ಲ.

"ನನ್ನೆತ್ತು ಸರ್ಯಾಗೇ ದಾರಿ ತೋರ್ಸಿತ್ತು ಕನವ್ವ," ಎಂದ ಮಗಳಿಗೆ. "ಮೋಸ ಮಾಡುದ್ದು ಇದು."

ಹಗ್ಗ ಬಿಚ್ಚುವ ಮೊದಲೇ ಅವನ ಉಸಿರು ನಿಂತಿತು. ಹಾಡು ಮಾತ್ರ ಇನ್ನೂ ಕೇಳುತ್ತಿತ್ತು.

ತಿಥಿ ಮುಗಿದ ಮರುದಿನ ದುಂಡಮ್ಮ ಹಾರೆ ಹಿಡಿದು ಬಂದಳು. ಅದೇ ತಿರುವಿನಲ್ಲಿ ಡಾಂಬರು ಒಡೆದು, ಜಲ್ಲಿ ಸರಿಸಿ, ಒಂದು ಕಲ್ಲು ಎಬ್ಬಿಸಿ ಹೊತ್ತುಕೊಂಡು ಮೇಲೆ ಹೋದಳು. ಮಾರನೆಯ ದಿನ ಐದು ಮನೆಯವರು ಬಂದರು, ವಾರದಲ್ಲಿ ಮೂವತ್ತೂ ಮನೆಯವರು. ನನಗೆ ನೋವಾಯಿತೇ? ಆಯಿತು. ಆದರೆ ಕೀಳಿ, ಇನ್ನೂ ಕೀಳಿ ಎಂದು ಕೂಗಬೇಕೆನಿಸಿತು. ಜೂನಿಯರ್ ಇಂಜಿನಿಯರ್ ಓಡಿ ಬಂದು, ಸರ್ಕಾರದ ರಸ್ತೆ ಅಗೆದರೆ ಕೇಸು ಹಾಕಿಸುತ್ತೇನೆಂದು ಹೆದರಿಸಿದ. ದುಂಡಮ್ಮ ಹಾರೆ ಕೆಳಗಿಡಲಿಲ್ಲ.

"ರಸ್ತೆ ನೀವೇ ಮಡಿಕಳಿ ಸ್ವಾಮಿ. ನಮ್ ಮೆಟ್ಲು ನಾವ್ ತಕ್ಕೊಂಡೋಯ್ತಾವಿ."

ಆ ಮಳೆಗಾಲದಲ್ಲಿ ನನ್ನ ಹೊರಮಗ್ಗುಲು ಕುಸಿದು ಕಣಿವೆಗೆ ಬಿತ್ತು. ಅತಿಥಿಗೃಹಕ್ಕೆ ಆಚೆ ಬೆಟ್ಟದಿಂದ ಬೇರೆ ರಸ್ತೆ ಮಾಡಿಕೊಂಡರು. ನನ್ನ ಬಾಯಿಗೆ ಮಣ್ಣಿನ ಗುಡ್ಡೆ ಸುರಿದು, ಮುಚ್ಚಲಾಗಿದೆ ಎಂದು ಬರೆದರು. ಈಗ ನನ್ನ ಮೇಲೆ ಲಂಟಾನ ಬೆಳೆದಿದೆ, ಬಿಸಿಲಿಗೆ ಹಾವು ಮಲಗುತ್ತವೆ.

ಮೇಲೆ ಮೆಟ್ಟಿಲು ಮತ್ತೆ ಎದ್ದಿವೆ. ಜೋಲಿ ಈಗಲೂ ಇಳಿಯುತ್ತದೆ, ಜಾರುವುದಿಲ್ಲ, ಅಷ್ಟೆ. ಸಂತೆಯ ದಿನ ದುಂಡಮ್ಮ ಬುಟ್ಟಿ ಹೊತ್ತು ನನ್ನನ್ನು ಅಡ್ಡ ದಾಟಿ ಇಳಿಯುತ್ತಾಳೆ. ಒಮ್ಮೆಯೂ ನನ್ನ ಕಡೆ ನೋಡುವುದಿಲ್ಲ. ನಿನ್ನ ಅಪ್ಪನಿಗೆ ಮೋಸ ಮಾಡಿದವರು ಬೇರೆ, ನನಗೂ ಅವರೇ ಮೋಸ ಮಾಡಿದರು ಎಂದು ಹೇಳಬೇಕೆನಿಸುತ್ತದೆ. ಆದರೆ ಯಾವ ಬಾಯಿಂದ ಹೇಳಲಿ? ನಾನು ಅವಳ ಊರಿಗೆ ಹೋಗಲಿಲ್ಲ.