ಎಡಗೈ ಗುರುತು

ಮಗಳು ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲೆ ಕುಕ್ಕಿದಳು.

"ಆ ಹೆಸರಿನವರು ಅವರ ಪಟ್ಟೀಲಿ ಇಲ್ಲವಂತೆ. ಅಪ್ಪ ಅಲ್ಲೇ ಮೂವತ್ತೆಂಟು ವರ್ಷ ದುಡಿದಿದ್ದಾರೆ ಅಂದೆ. ಯಾವ ಕಂಪನೀಲಿ ಅಂತ ನನ್ನನ್ನೇ ಕೇಳ್ತಾರೆ."

"ಅವರಾದ್ರೂ ಏನು ಮಾಡ್ತಾರೆ," ಎಂದಳು ತಾಯಿ, ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ ಗಂಡನ ಕಾಲರು ಸರಿಪಡಿಸುತ್ತ. "ಕಾರ್ಖಾನೆ ನಾಲ್ಕು ಸಲ ಕೈ ಬದಲಾಯಿಸ್ತು. ಹೋದ ತಿಂಗಳು ಐದನೆಯವರು ಬಂದ್ರಂತೆ. ಗೇಟಿನ ಮೇಲಿನ ಹೆಸರು ಬಾಯಿಪಾಠ ಆಗೋದ್ರೊಳಗೆ ಇನ್ನೊಬ್ಬರು ಬರ್ತಾರೆ ಅಂತ ನಿಮ್ಮಪ್ಪನೇ ನಗ್ತಿದ್ರು."

ಮಗಳಿಗೆ ನಗು ಬರಲಿಲ್ಲ. ಹೂಗುಚ್ಛ ಬೇಡ, ಆ ಕಡೆಯಿಂದ ಒಬ್ಬ ಮನುಷ್ಯ ಬಂದಿದ್ದರೆ ಸಾಕಿತ್ತು. ಅಪ್ಪ ಎಂಬುವನೊಬ್ಬ ಅಲ್ಲಿದ್ದ ಎಂದು ಯಾರಿಗಾದರೂ ಗೊತ್ತಿದೆ ಎಂದಾಗುತ್ತಿತ್ತು. ಹೊರಗೆ ಗಾಡಿ ಬಂದು ನಿಂತಿತ್ತು.

*

ಕಾರುಗಳಿಗೆ ಸ್ಪ್ರಿಂಗು ಮಾಡುವ ಕಾರ್ಖಾನೆ ಅದು. ಪೆಟ್ಟಿಗೆ ತುಂಬಿದ ಮೇಲೆ ಕೊನೆಗೆ ನೋಡುವ ಕಣ್ಣು ಅಪ್ಪನದು. ಎಲ್ಲ ಸರಿಯಿದ್ದರೆ ಮುಚ್ಚಳದ ಮೂಲೆಯಲ್ಲಿ ಹಳದಿ ಸೀಮೆಸುಣ್ಣದ ಒಂದು ಸರಿ ಗುರುತು. ಎಡಚನಾದ್ದರಿಂದ ಅದರ ಬಾಲ ಬಲಕ್ಕೇಳದೆ ಎಡಕ್ಕೆ ಏಳುತ್ತಿತ್ತು. ಮನೆಯಲ್ಲೂ ಅದೇ ಚಾಳಿ. ಮಗಳ ಶಾಲೆಯ ಚೀಲ ತೆರೆದು ನೋಡಿ, ಮೇಲೊಂದು ಗುರುತು ಗೀಚಿ, "ಇನ್ನು ಹೊರಡಬಹುದು" ಎನ್ನುತ್ತಿದ್ದ.

ಮೂರನೆಯ ಒಡೆಯರು ಸೀಮೆಸುಣ್ಣಕ್ಕೆ ಕೊಕ್ ಕೊಟ್ಟು ಹೊಳೆಯುವ ಚೀಟಿ ಅಂಟಿಸಿದರು. ಸರಕು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾಯಿತು. ಎಡಗೈ ಗುರುತಿಲ್ಲದ ಪೆಟ್ಟಿಗೆಯನ್ನು ಕಾರು ಕಂಪನಿಯ ಗೇಟಿನವನು ಇಳಿಸಿಕೊಳ್ಳಲೇ ಇಲ್ಲ. ಮಾರನೆಯ ದಿನ ಮ್ಯಾನೇಜರೇ ಒಂದು ಡಬ್ಬಿ ಸೀಮೆಸುಣ್ಣ ಹಿಡಿದು ಅಪ್ಪನ ಮೇಜಿಗೆ ಬಂದ. ಊಟದ ಹೊತ್ತಿಗೆ ಅಪ್ಪ ಈ ಕತೆ ಹೇಳಿದಾಗಲೆಲ್ಲ ವಾಪಸಾದ ಲಾರಿಗಳ ಲೆಕ್ಕ ಒಂದೊಂದೇ ಹೆಚ್ಚಾಗಿ, ಕೊನೆಗೆ ಹದಿನಾಲ್ಕಕ್ಕೆ ಬಂದಿತ್ತು.

*

ಶವಪೆಟ್ಟಿಗೆ ಮುಚ್ಚುವ ಹೊತ್ತಿಗೆ ಊರುಗೋಲಿನ ಮುದುಕನೊಬ್ಬ ಬಾಗಿಲಲ್ಲಿ ನಿಂತ.

"ಕಾರು ಕಂಪನಿ ಗೇಟಲ್ಲಿ ಸರಕು ಇಳಿಸ್ಕೊಳ್ತಿದ್ದವನು ನಾನು. ಇಪ್ಪತ್ತಾರು ವರ್ಷ ಅವರ ಗುರುತು ನೋಡಿದೀನಿ, ಮುಖ ನೋಡಿರಲಿಲ್ಲ. ಪೇಪರಲ್ಲಿ ಸ್ಪ್ರಿಂಗ್ ಕಾರ್ಖಾನೆ, ಎಡಚ ಅಂತ ಹಾಕಿಸಿದ್ರಲ್ಲ, ಇನ್ಯಾರು ಅಂದ್ಕೊಂಡೆ."

"ಹದಿನಾಲ್ಕು ಲಾರಿ ವಾಪಸ್ ಕಳಿಸಿದ್ದು ನೀವೇನಾ?" ಮಗಳು ಕೇಳಿದಳು.

"ಒಂದೇ ಲಾರಿ ತಾಯಿ. ಅದೂ ಅರ್ಧ ತುಂಬಿತ್ತು."

"ನಂಗೆ ಮೊದಲೇ ಅನುಮಾನ ಇತ್ತು," ಎಂದು ತಾಯಿ ನಕ್ಕಳು. ಮಗಳೂ ನಕ್ಕಳು, ನಗುನಗುತ್ತಲೇ ಅತ್ತಳು.

"ಕಾರ್ಖಾನೆ ಗೇಟಿನ ಹೆಸರು ಎಷ್ಟೇ ಬದಲಾಗ್ಲಿ, ಆ ಗುರುತಿದ್ರೆ ನಾನು ಪೆಟ್ಟಿಗೆ ಬಿಚ್ಚಿ ನೋಡ್ತಿರಲಿಲ್ಲ." ಮುದುಕ ಜೇಬಿನಿಂದ ಹಳದಿ ಸೀಮೆಸುಣ್ಣ ತೆಗೆದ. "ಒಂದು ಹಾಕ್ಲಾ?"

ತಾಯಿ ಹೂಂ ಎಂದು ತಲೆಯಾಡಿಸಿದಳು. ಮುಚ್ಚಳದ ಮೂಲೆಯಲ್ಲಿ ಅವನು ಬಲಗೈಯಿಂದ ಎಳೆದ ಗುರುತಿನ ಬಾಲ, ಎಲ್ಲರ ರೂಢಿಯಂತೆ, ಬಲಕ್ಕೇ ಎದ್ದಿತು.

ಮಗಳು ಅದನ್ನು ಅಂಗೈಯಿಂದ ಒರೆಸಿದಳು. ಸೀಮೆಸುಣ್ಣವನ್ನು ಎಡಗೈಗೆ ತೆಗೆದುಕೊಂಡು, ಬಾಲವನ್ನು ಎಡಕ್ಕೆ ಉದ್ದವಾಗಿ ಎಳೆದಳು. ಮುದುಕ ಕನ್ನಡಕ ಏರಿಸಿ ಬಗ್ಗಿ ನೋಡಿದ.

"ಇನ್ನು ಹೊರಡಬಹುದು," ಎಂದಳು ಮಗಳು.

ಮುದುಕ ಊರುಗೋಲು ಊರಿ ಪಕ್ಕಕ್ಕೆ ಸರಿದು, ಬಾಗಿಲಿನ ಎರಡೂ ಕದಗಳನ್ನು ಪೂರ್ತಿ ತೆರೆದ.